ತೇರು ಹೋಗುವ ದಾರಿ: ಉಡುಪಿಯ ರಥಬೀದಿ ಎಷ್ಟು ಹಳೆಯದು?

ಪ್ರಶ್ನೆ: ನಾನು ಬ್ರಹ್ಮಾವರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಉಡುಪಿಯ ರಥಬೀದಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಎಂಟುನೂರು ವರ್ಷಗಳ ಬೀದಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿ ನನಗೆ ಕಾಣುವುದು ಹಂಚಿನ ಮಾಡು, ಕಾಂಕ್ರೀಟಿನ ಕಟ್ಟಡ, ಅಂಗಡಿ ಸಾಲು. ಇದನ್ನು ಐತಿಹಾಸಿಕ ಬೀದಿ ಎಂದು ಮಕ್ಕಳಿಗೆ ಯಾವ ಧೈರ್ಯದಿಂದ ಹೇಳಲಿ? ಇನ್ನೊಂದು ಸಂದೇಹ: ಕೃಷ್ಣನ ತೇರು ಕೃಷ್ಣಮಠಕ್ಕೆ ಸುತ್ತು ಬರುವ ಬದಲು ಎದುರಿನ ಎರಡು ದೇವಸ್ಥಾನಗಳಿಗೆ ಸುತ್ತು ಬರುತ್ತದೆಯಲ್ಲ, ಅದೇಕೆ?

ಉತ್ತರ: ತಮ್ಮ ಎರಡನೆಯ ಸಂದೇಹ ಬಗೆಹರಿದರೆ ಮೊದಲನೆಯದು ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ. ರಥಬೀದಿಯೆಂದರೆ ಕೃಷ್ಣಮಠದ ಸುತ್ತಲಿನ ಬೀದಿ ಎಂಬ ಭಾವನೆ ಯಾತ್ರಿಕರಲ್ಲಿ ಮಾತ್ರವಲ್ಲ, ದಿನವೂ ಅದೇ ದಾರಿಯಲ್ಲಿ ನಡೆಯುವ ಉಡುಪಿಯವರಲ್ಲಿಯೂ ಇದೆ. ತಾವು ಅದು ಹಾಗಲ್ಲ ಎಂಬುದನ್ನು ಕಣ್ಣಾರೆ ಗಮನಿಸಿದ್ದೀರಿ. ಚೌಕದಂತೆ ತಿರುಗಿ ಹೊರಟಲ್ಲಿಗೇ ಬಂದು ಸೇರುವ ಈ ಬೀದಿಯ ಒಳಗೆ ಇರುವವು ಅನಂತೇಶ್ವರ ಮತ್ತು ಚಂದ್ರಮೌಳೀಶ್ವರ ದೇವಸ್ಥಾನಗಳು. ಮಠಗಳು ಬೀದಿಯ ಹೊರ ಅಂಚಿನಲ್ಲಿವೆ. ಕೃಷ್ಣಮಠವೂ ಹಾಗೆಯೇ ಹೊರ ಅಂಚಿನದ್ದು: ಪೂರ್ವದ ಬದಿಯಲ್ಲಿ ನಿಂತು, ಪಶ್ಚಿಮಕ್ಕೆ ಮುಖ ಮಾಡಿದ ಕೃಷ್ಣನನ್ನು ಒಳಗಿರಿಸಿಕೊಂಡು, ಬೀದಿಯಾಚೆಯ ಚಂದ್ರಮೌಳೀಶ್ವರನನ್ನು ಎದುರುಗೊಂಡಿದೆ. ಅಂದ ಮೇಲೆ ಈ ಬೀದಿ ಕೃಷ್ಣನಿಗಾಗಿ ಹಾಕಿದ ಬೀದಿಯಲ್ಲ. ಮೊದಲೇ ಇದ್ದ ದೇವಸ್ಥಾನದ ಪ್ರದಕ್ಷಿಣೆಯ ದಾರಿಯ ಅಂಚಿಗೆ ಕೃಷ್ಣನು ಬಂದು ನೆಲಸಿದನು ಎಂದು ಓದಿಕೊಂಡರೆ ನಕ್ಷೆಗೆ ಅರ್ಥ ಬರುತ್ತದೆ.

ಈ ಓದಿಗೆ ಮಧ್ವರ ಚರಿತ್ರೆಯೇ ಆಧಾರ ಕೊಡುತ್ತದೆ. ಆಚಾರ್ಯ ಮಧ್ವರ ಕಾಲ 1238ರಿಂದ 1317 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅವರ ತಂದೆ ಪಾಜಕದ ಮಧ್ಯಗೇಹ ಭಟ್ಟರು ಸಂತಾನಕ್ಕಾಗಿ ಸೇವೆ ಮಾಡಿದ್ದು ಅನಂತೇಶ್ವರನಿಗೆ. ಮಧ್ವರ ಜೀವನವನ್ನು ಹೇಳುವ ನಾರಾಯಣ ಪಂಡಿತಾಚಾರ್ಯರ ಸಂಸ್ಕೃತ ಕಾವ್ಯದಲ್ಲಿ ಒಂದು ಪ್ರಸಂಗ ಬರುತ್ತದೆ: ಉತ್ಸವಕ್ಕೆ ಜನ ನೆರೆದಿದ್ದಾಗ ಒಬ್ಬನು ದೇವರ ಆವೇಶ ಬಂದು ಧ್ವಜಸ್ತಂಭವನ್ನೇರಿ, ಲೋಕಕ್ಕೆ ಜ್ಞಾನ ಕೊಡುವವನು ಹುಟ್ಟಲಿದ್ದಾನೆ ಎಂದು ಸಾರುತ್ತಾನೆ. ಆವೇಶವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟ ವಿಷಯ; ಇತಿಹಾಸದ ವಿದ್ಯಾರ್ಥಿಗೆ ಮುಖ್ಯವಾದದ್ದು ಬೇರೆ. ಧ್ವಜಸ್ತಂಭವುಳ್ಳ, ಉತ್ಸವ ನಡೆಯುವ, ಸುತ್ತಲ ಗ್ರಾಮಗಳ ಜನ ಬಂದು ಸೇರುವ ದೇವಸ್ಥಾನವೊಂದು ಮಧ್ವರು ಹುಟ್ಟುವ ಮೊದಲೇ ಇಲ್ಲಿತ್ತು ಎಂಬುದನ್ನು ಆ ಕಾವ್ಯ ಸಹಜವಾಗಿ ಒಪ್ಪಿಕೊಂಡಿದೆ. ಮಧ್ವರು ಪಾಠ ಹೇಳುತ್ತಿದ್ದದ್ದೂ, ಸಂಪ್ರದಾಯದ ಪ್ರಕಾರ ಕೊನೆಗೆ ಅದೃಶ್ಯರಾದದ್ದೂ ಅನಂತೇಶ್ವರದಲ್ಲಿಯೇ. ಕೃಷ್ಣಪ್ರತಿಷ್ಠೆ ಅವರ ಬದುಕಿನ ಮಧ್ಯದ ಘಟನೆ. ಮಲ್ಪೆಯ ಕಡಲಿನಿಂದ ಗೋಪೀಚಂದನದ ಗಡ್ಡೆಯೊಳಗೆ ಬಂದ ವಿಗ್ರಹ ಎಂಬ ಕಥೆ ತಮಗೆ ಗೊತ್ತೇ ಇದೆ. ಆ ವಿಗ್ರಹವನ್ನು ಅವರು ಸ್ಥಾಪಿಸಿದ್ದು ಮಠದಲ್ಲಿ. ಇಂದಿಗೂ ಅದನ್ನು ಕೃಷ್ಣಮಠ ಎನ್ನುತ್ತೇವೆಯೇ ಹೊರತು ಕೃಷ್ಣ ದೇವಸ್ಥಾನ ಎನ್ನುವುದು ರೂಢಿಯಲ್ಲಿಲ್ಲ.

ಆ ಕಾಲಕ್ಕೆ ಈ ಪ್ರದೇಶದ ದೊಡ್ಡ ಪಟ್ಟಣಗಳು ಬೇರೆ. ತುಳುನಾಡನ್ನಾಳಿದ ಆಳುಪ ಅರಸರ ರಾಜಧಾನಿಗಳಾಗಿ ಹೆಸರಾದವು ದಕ್ಷಿಣಕ್ಕಿರುವ ಉದ್ಯಾವರ ಮತ್ತು ಉತ್ತರಕ್ಕಿರುವ ಬಾರಕೂರು. ವಿಜಯನಗರದ ಆಡಳಿತದಲ್ಲಿಯೂ ಅಧಿಕಾರಿ ಕುಳಿತದ್ದು ಬಾರಕೂರಿನಲ್ಲಿ. ಉಡುಪಿಯಲ್ಲಿ ಕೋಟೆಯಿರಲಿಲ್ಲ, ಅರಮನೆಯಿರಲಿಲ್ಲ, ಬಂದರು ಮಲ್ಪೆಯಲ್ಲಿತ್ತು. ಹೀಗಾಗಿ ರಥಬೀದಿಯನ್ನು ರಾಜಬೀದಿಯಂತೆ ಕಲ್ಪಿಸಿಕೊಳ್ಳಬಾರದು. ಅದರ ಹುಟ್ಟಿಗೆ ಕಾರಣವಾದದ್ದು ದೇವರು ಹೊರಗೆ ಬಂದು ಒಂದು ಸುತ್ತು ಹೋಗಿ ಒಳಸೇರಬೇಕೆಂಬ ಅಗತ್ಯವೊಂದೇ. ಕರಾವಳಿಯ ಹಲವು ದೇವಸ್ಥಾನಗಳಲ್ಲಿ ತೇರು ಎದುರಿನ ನೇರ ಬೀದಿಯಲ್ಲಿ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇಲ್ಲಿ ಅದು ಸುತ್ತು ಬರುತ್ತದೆ. ಬೀದಿಯ ಆಕಾರ ಇದರಿಂದ ನಿರ್ಧಾರವಾಗಿದೆ. ಇದು ಎಲ್ಲಿಂದಲೋ ಎಲ್ಲಿಗೋ ಹೋಗುವ ಮಾರ್ಗವಲ್ಲವಾದ್ದರಿಂದ ಇದಕ್ಕೆ ಮೊದಲು ಕೊನೆ ಎಂಬುದಿಲ್ಲ. ಪೇಟೆಗಳಿಗೆ ಹೋಗುವ ಓಣಿಗಳು ಇದರಿಂದ ಕವಲೊಡೆದು ಹೊರಟಿವೆ: ಉತ್ತರಕ್ಕೆ ಬಡಗುಪೇಟೆ, ದಕ್ಷಿಣಕ್ಕೆ ತೆಂಕುಪೇಟೆ.

ಮಕರ ಸಂಕ್ರಾಂತಿಯ ಮೂರು ತೇರಿನ ಉತ್ಸವವನ್ನು ನೋಡಿದರೆ ಈ ಹಳೆಯ ಒಡೆತನದ ಗುರುತು ಇಂದಿಗೂ ಅಳಿದಿಲ್ಲ ಎಂಬುದು ಗೊತ್ತಾಗುತ್ತದೆ. ಮಧ್ವರು ಕೃಷ್ಣನನ್ನು ಪ್ರತಿಷ್ಠೆ ಮಾಡಿದ ದಿನವೆಂದು ಆಚರಿಸುವ ಉತ್ಸವ ಅದು. ಆದರೆ ಅಂದು ಹೊರಡುವುದು ಕೃಷ್ಣ ಮತ್ತು ಮುಖ್ಯಪ್ರಾಣರ (ಹನುಮಂತನ) ತೇರು ಮಾತ್ರವಲ್ಲ. ಅನಂತೇಶ್ವರ ಮತ್ತು ಚಂದ್ರಮೌಳೀಶ್ವರರೂ ಬೇರೆ ಎರಡು ತೇರುಗಳಲ್ಲಿ ಕುಳಿತು ಅದೇ ಬೀದಿಯಲ್ಲಿ ಬರುತ್ತಾರೆ. ಉಡುಪಿಗೆ ಬಂದವರು ಮೊದಲು ಚಂದ್ರಮೌಳೀಶ್ವರನನ್ನು, ಬಳಿಕ ಅನಂತೇಶ್ವರನನ್ನು ಕಂಡು, ಆಮೇಲೆ ಕೃಷ್ಣದರ್ಶನಕ್ಕೆ ಹೋಗಬೇಕೆಂಬ ಕ್ರಮವೂ ಇದಕ್ಕೆ ಹೊಂದಿಕೊಳ್ಳುತ್ತದೆ. ಪರ್ಯಾಯ ಪೀಠವನ್ನೇರಲಿರುವ, ಅಂದರೆ ಸರದಿಯಂತೆ ಕೃಷ್ಣಪೂಜೆಯನ್ನು ವಹಿಸಿಕೊಳ್ಳಲಿರುವ, ಸ್ವಾಮಿಗಳೂ ಇದನ್ನು ತಪ್ಪಿಸುವಂತಿಲ್ಲ. ವೈಷ್ಣವ ಮಠಗಳ ಸಾಲಿನ ನಟ್ಟನಡುವೆ ಶಿವನು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ; ಮನೆಗೆ ಮೊದಲು ಬಂದ ಹಿರಿಯರಿಗೆ ಮೊದಲ ಮಣೆ ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಇನ್ನು ಕಟ್ಟಡಗಳ ವಿಷಯ. ಮಧ್ವರು ಎಂಟು ಮಂದಿ ಶಿಷ್ಯರಿಗೆ ಸನ್ಯಾಸ ಕೊಟ್ಟು ಕೃಷ್ಣಪೂಜೆಯ ಸರದಿಯನ್ನು ಏರ್ಪಡಿಸಿದರು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಇಂದಿನ ಎಂಟು ಮಠಗಳು ಆ ಎಂಟು ಪರಂಪರೆಗಳು. ಈ ಹೆಸರುಗಳೆಲ್ಲ ಊರುಗಳ ಹೆಸರುಗಳು ಎಂಬುದನ್ನು ಗಮನಿಸಬೇಕು. ಕೃಷ್ಣಾಪುರ ಸುರತ್ಕಲ್ಲಿನ ಬಳಿಯದು, ಪುತ್ತಿಗೆ ಮತ್ತು ಶೀರೂರು ಹಿರಿಯಡಕದ ಕಡೆಯವು, ಸೋದೆಯಂತೂ ಘಟ್ಟದ ಮೇಲೆ ಶಿರಸಿಯ ಹತ್ತಿರವಿದೆ. ಮೂಲಮಠ ಹಳ್ಳಿಯಲ್ಲಿ, ರಥಬೀದಿಯದ್ದು ಸರದಿಗಾಗಿ ಇಟ್ಟುಕೊಂಡ ಪಟ್ಟಣದ ಮನೆ. ಮೊದಲ ಏರ್ಪಾಡಿನಲ್ಲಿ ಒಬ್ಬೊಬ್ಬರ ಸರದಿ ಎರಡು ತಿಂಗಳು. ಸೋದೆಯ ವಾದಿರಾಜ ತೀರ್ಥರು 1522ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು.

ನನ್ನ ದೃಷ್ಟಿಯಲ್ಲಿ ರಥಬೀದಿಯ ಇತಿಹಾಸದಲ್ಲಿ ಕೃಷ್ಣಪ್ರತಿಷ್ಠೆಯ ಬಳಿಕ ಇಷ್ಟು ದೊಡ್ಡ ಘಟನೆ ಇನ್ನೊಂದಿಲ್ಲ. ಎರಡು ತಿಂಗಳ ಸರದಿಗೆ ಬಂದವರು ಒಂದು ಬಿಡಾರದಲ್ಲಿ ಇದ್ದು ಹೋಗಬಹುದು. ಎರಡು ವರ್ಷ ಪೂಜೆ ನಡೆಸಿ, ಬಂದವರಿಗೆಲ್ಲ ಊಟ ಹಾಕಿ, ಪಂಡಿತರನ್ನು ಸತ್ಕರಿಸಿ, ಲೆಕ್ಕಪತ್ರ ನೋಡಿಕೊಳ್ಳಬೇಕಾದವರಿಗೆ ಉಗ್ರಾಣ ಬೇಕು, ಅಡುಗೆಮನೆ ಬೇಕು, ಶಿಷ್ಯರಿಗೂ ಕೆಲಸದವರಿಗೂ ಇರಲು ಜಾಗ ಬೇಕು, ತಮ್ಮ ಪಟ್ಟದ ದೇವರಿಗೆ ಗುಡಿ ಬೇಕು. ಪಲಿಮಾರಿಗೆ ಶ್ರೀರಾಮ, ಸೋದೆಗೆ ಭೂವರಾಹ, ಕಾಣಿಯೂರಿಗೆ ನರಸಿಂಹ ಎಂದು ಪ್ರತಿ ಮಠಕ್ಕೂ ಅದರದೇ ಆದ ದೇವರಿದ್ದಾರೆ. ಆದ್ದರಿಂದ ಸರದಿ ಉದ್ದವಾದಷ್ಟೂ ಬೀದಿಯ ಮನೆಗಳು ದೊಡ್ಡದಾಗಿ ಬೆಳೆದಿರಬೇಕು ಎಂಬುದು ನನ್ನ ತರ್ಕ. ಎಂಟು ಮಠಗಳಿಗೆ ಎರಡೆರಡು ವರ್ಷದಂತೆ ಒಂದು ಸುತ್ತು ಮುಗಿಯಲು 16 ವರ್ಷ. 1522ರಿಂದ ಎಣಿಸಿದರೆ 31 ಸುತ್ತು ಪೂರ್ಣಗೊಂಡು, 32ನೆಯದು 2018ರ ಜನವರಿಯಲ್ಲಿ ಪಲಿಮಾರಿನಿಂದ ಶುರುವಾಗಿದೆ. 2024 ಪುತ್ತಿಗೆಯದು, 2026 ಶೀರೂರಿನದು, 2028 ಸೋದೆಯದು. ಐದು ಶತಮಾನಗಳಲ್ಲಿ ವಿಜಯನಗರ ಹೋಯಿತು, ಕೆಳದಿಯವರು ಹೋದರು, ಹೈದರ್ ಟಿಪ್ಪು ಹೋದರು, 1799ರಲ್ಲಿ ಬಂದ ಕಂಪನಿ ಸರಕಾರವೂ ಹೋಯಿತು. ಸರದಿಯ ಲೆಕ್ಕ ಮಾತ್ರ ಹಾಗೆಯೇ ನಡೆದುಕೊಂಡು ಬಂದಿದೆ. ಕಲ್ಲು ಮರಗಳಿಗಿಂತ ಈ ಲೆಕ್ಕವೇ ಬೀದಿಯ ಹಳಮೆಗೆ ಗಟ್ಟಿಯಾದ ಸಾಕ್ಷಿ.

ಹಾಗಾದರೆ ಈಗ ಕಣ್ಣಿಗೆ ಕಾಣುವ ಕಟ್ಟಡಗಳು ಎಷ್ಟು ಹಳೆಯವು? ಮಾಡನ್ನು ನೋಡಿದರೆ ಒಂದು ಮಿತಿ ತಿಳಿಯುತ್ತದೆ. ನಾವು ಮಂಗಳೂರು ಹಂಚು ಎನ್ನುವ ಚಪ್ಪಟೆ ಹಂಚು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಅಂದರೆ ಆ ಹಂಚು ಹೊದ್ದ ಯಾವ ಮಾಡೂ ಸುಮಾರು 160 ವರ್ಷಗಳಿಗಿಂತ ಹೆಚ್ಚು ಹಳೆಯದಾಗಿರಲಾರದು. (ಹಂಚಿನ ಮೇಲೆ 1865 ಎಂದು ಅಚ್ಚಾಗಿರುವುದನ್ನು ಕಂಡು ಅದೇ ವರ್ಷದ ಹಂಚೆಂದು ಸಂಭ್ರಮಿಸುವವರಿದ್ದಾರೆ, ಅದು ಕಾರ್ಖಾನೆ ಆರಂಭವಾದ ವರ್ಷದ ಗುರುತು, ಹಂಚು ಸುಟ್ಟ ವರ್ಷದ್ದಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಅದಕ್ಕೂ ಹಿಂದೆ ಕರಾವಳಿಯಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಇದ್ದದ್ದು ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದೆಸಬೇಕು. ಮರದ ಪಕ್ಕಾಸು, ಕಂಬಗಳು ಗೆದ್ದಲಿಗೂ ನೀರಿಗೂ ಸಿಕ್ಕಿ ಹಾಳಾಗುತ್ತವೆ. ಬೆಂಕಿಯ ಭಯ ಬೇರೆ. ಆದ್ದರಿಂದ ಕರಾವಳಿಯಲ್ಲಿ ಹಳೆಯ ಕಟ್ಟಡವೆಂದರೆ ಹಳೆಯ ಜಾಗದಲ್ಲಿ, ಹಳೆಯ ಪಾಯದ ಮೇಲೆ, ಹಳೆಯ ಅಳತೆಯಲ್ಲಿ ಪುನಃ ಪುನಃ ಎದ್ದು ನಿಂತದ್ದು ಎಂದೇ ಅರ್ಥ ಮಾಡಿಕೊಳ್ಳಬೇಕು. ಘಟ್ಟದ ಮೇಲಿನ ಹೊಯ್ಸಳ ಗುಡಿಯಂತೆ ಒಂದೇ ಕಲ್ಲು ಎಂಟುನೂರು ವರ್ಷ ನಿಂತಿರಬೇಕೆಂದು ಇಲ್ಲಿ ನಿರೀಕ್ಷಿಸಿದರೆ ನಿರಾಶೆಯೇ ಗತಿ.

ಇಷ್ಟಾದರೂ ಹಳೆಯ ಮನೆಯ ಲಕ್ಷಣ ಕೆಲವು ಮಠಗಳಲ್ಲಿ ಸ್ಪಷ್ಟವಾಗಿ ಉಳಿದಿದೆ. ಬೀದಿಯ ಮಟ್ಟದಿಂದ ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿಯ ಮೇಲೆ ತಗ್ಗಾಗಿ ಇಳಿದು ಬಂದ ಮಾಡು. ಅದನ್ನು ಹೊತ್ತ ಮರದ ಕಂಬಗಳು. ಮುರಕಲ್ಲಿನ ದಪ್ಪ ಗೋಡೆ. ಹೆಬ್ಬಾಗಿಲು ದಾಟಿದೊಡನೆ ಚಾವಡಿ. ಮಾಡು ಅಷ್ಟು ಕೆಳಗಿಳಿಯುವುದು ಅಡ್ಡಮಳೆಯ ಇರಿಚಲು ಒಳಗೆ ಬಾರದಿರಲಿ ಎಂದು. ಆದರೆ ಅದೇ ಜಗಲಿ ಉತ್ಸವದ ರಾತ್ರಿ ಜನ ಕುಳಿತು ತೇರು ನೋಡುವ ಜಾಗವಾಗುತ್ತದೆ, ಉಳಿದ ದಿನ ಯಾತ್ರಿಕರು ಗಂಟು ಇಳಿಸಿ ದಣಿವಾರಿಸಿಕೊಳ್ಳುವ ಜಾಗವಾಗುತ್ತದೆ. ಬೀದಿಗೂ ಮನೆಗೂ ನಡುವೆ ಯಾರದ್ದೂ ಅಲ್ಲದ, ಎಲ್ಲರಿಗೂ ಸಲ್ಲುವ ಈ ಪಟ್ಟಿಯಷ್ಟು ಜಾಗ ಹೋದರೆ ಬೀದಿಯ ಗುಣವೇ ಹೋಗುತ್ತದೆ ಎಂದು ನಾನು ತಿಳಿದಿದ್ದೇನೆ. ದುರಸ್ತಿಯ ಹೆಸರಿನಲ್ಲಿ ಜಗಲಿಯನ್ನು ತೆಗೆದು ಅಂಗಡಿಗೆ ಕಬ್ಬಿಣದ ಶಟರ್ ಹಾಕುವುದು, ಇನ್ನೊಂದೆಡೆ ಹಳೆಯ ಶೈಲಿಯ ದೀಪದ ಕಂಬ ನೆಟ್ಟು ಪರಂಪರೆಯ ರಕ್ಷಣೆಯೆನ್ನುವುದು ಒಂದಕ್ಕೊಂದು ಹೊಂದುವ ಕೆಲಸಗಳಲ್ಲ.

ಬೀದಿಯ ಅಗಲ ಹೇಗೆ ಉಳಿಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಡಗುಪೇಟೆ ತೆಂಕುಪೇಟೆಗಳ ಓಣಿಗಳಲ್ಲಿ ನಡೆದರೆ ಮನೆಗಳೂ ಅಂಗಡಿಗಳೂ ಕಾಲಕ್ರಮದಲ್ಲಿ ಮುಂದೆ ಮುಂದೆ ಸರಿದು ದಾರಿಯನ್ನು ಇಕ್ಕಟ್ಟಾಗಿಸಿರುವುದು ಕಾಣುತ್ತದೆ. ಯಾವ ಹಳೆಯ ಪೇಟೆಯಲ್ಲಿಯಾದರೂ ಹೀಗೆಯೇ. ರಥಬೀದಿಯಲ್ಲಿ ಅದು ಸಾಧ್ಯವಾಗಲಿಲ್ಲ, ಏಕೆಂದರೆ ಇಲ್ಲಿ ಅಳತೆಗೋಲು ಹಿಡಿದುಕೊಂಡು ಬ್ರಹ್ಮರಥವೇ, ಅಂದರೆ ಕೃಷ್ಣನ ದೊಡ್ಡ ತೇರೇ, ಬರುತ್ತದೆ. ಅದು ತಿರುವಿನಲ್ಲಿ ತಿರುಗುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಮನವರಿಕೆಯಾಗುತ್ತದೆ. ಕೆಳಗೆ ಮರದ ಭಾರಿ ಚಕ್ರಗಳು, ಕೆತ್ತನೆಯ ಗದ್ದುಗೆ. ಮೇಲೆ ಬಣ್ಣದ ಬಟ್ಟೆ, ಪತಾಕೆಗಳಿಂದ ಸಿಂಗರಿಸಿದ ಉರುಟು ಗೋಪುರ. ಚಕ್ರಗಳಿಗೆ ಪಕ್ಕಕ್ಕೆ ಹೊರಳುವ ಏರ್ಪಾಡಿಲ್ಲ. ಹಗ್ಗ ಹಿಡಿದವರು ಎಳೆಯುತ್ತಿದ್ದಂತೆ, ಚಕ್ರದ ಮಗ್ಗುಲಲ್ಲೇ ನಡೆಯುವ ಅನುಭವಸ್ಥರು ಒಂದು ಬದಿಯ ಚಕ್ರದಡಿಗೆ ಮರದ ತುಂಡನ್ನು ಕೊಡುತ್ತಾರೆ. ಆ ಬದಿ ತಡೆಯುತ್ತದೆ, ಈ ಬದಿ ಮುಂದೆ ಹೋಗುತ್ತದೆ, ತೇರಿನ ಮೋರೆ ಕೊಂಚ ತಿರುಗುತ್ತದೆ. ಕೊಂಬು ಚೆಂಡೆಗಳ ಗದ್ದಲದ ನಡುವೆ ಮತ್ತೆ ಎಳೆತ, ಮತ್ತೆ ತಡೆ. ಹೀಗೆ ಇಂಚಿಂಚಾಗಿ ಹೊರಳಿಕೊಳ್ಳುವಾಗ ಮೇಲಿನ ಗೋಪುರ ವಾಲಾಡುತ್ತದೆ. ಅದಕ್ಕೆ ಸುತ್ತಲೂ ತೆರವಿರಬೇಕು, ಮೇಲೆ ತಂತಿಯಾಗಲಿ ಕಟ್ಟಡದ ಚಾಚಾಗಲಿ ಅಡ್ಡ ಬರಕೂಡದು. ಯಾವನಾದರೂ ತನ್ನ ಕಟ್ಟೆಯನ್ನು ನಾಲ್ಕು ಅಡಿ ಮುಂದೆ ತಂದರೆ ಮುಂದಿನ ಉತ್ಸವದಲ್ಲಿಯೇ ಅದು ಊರಿಗೆಲ್ಲ ಕಾಣುತ್ತದೆ. ಸರ್ವೇ ಕಲ್ಲುಗಳು ಬರುವುದಕ್ಕೆ ಬಹಳ ಮೊದಲೇ ಈ ಬೀದಿಗೆ ಇಂಥ ಒಂದು ವಾರ್ಷಿಕ ಅಳತೆ ಇತ್ತು. ಮೂರು ತೇರುಗಳು ಒಂದರ ಹಿಂದೊಂದು ಬರುವ ಸಂಕ್ರಾಂತಿಯಲ್ಲಂತೂ ಬೀದಿಯ ಯಾವ ಬದಿಯನ್ನೂ ಬಿಟ್ಟುಕೊಡುವಂತಿಲ್ಲ.

ಈ ಅಳತೆಗೂ ಮಳೆಗಾಲದಲ್ಲಿ ಬಿಡುವು. ಮಳೆ ಹಿಡಿದ ಮೇಲೆ ತೇರುಗಳು ಹೊದಿಕೆಯೊಳಗೆ ನಿಲ್ಲುತ್ತವೆ. ಕಾರ್ತಿಕದ ಉತ್ಥಾನ ದ್ವಾದಶಿ, ಲಕ್ಷದೀಪೋತ್ಸವಗಳೊಂದಿಗೆ ಉತ್ಸವಕಾಲ ಮತ್ತೆ ತೆರೆದುಕೊಳ್ಳುತ್ತದೆ. ನಡುವೆ ಶ್ರಾವಣದ ಕಡೆಗೆ ಬರುವ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಮಾಡಿಕೊಂಡ ಪರಿಹಾರ ನನಗೆ ಬಹಳ ಇಷ್ಟವಾದದ್ದು. ಆಗ ಉತ್ಸವಮೂರ್ತಿಯನ್ನು ಹೊರಗೆ ತರುವ ಕಾಲವಲ್ಲ. ಆದ್ದರಿಂದ ಕೃಷ್ಣನ ಮಣ್ಣಿನ ಮೂರ್ತಿಯನ್ನು ಮಾಡಿ, ಅದನ್ನು ರಥದಲ್ಲಿ ಕುಳ್ಳಿರಿಸಿ ಬೀದಿಯಲ್ಲಿ ಮೆರೆಸಿ, ಕೊನೆಗೆ ಮಠದ ಕೆರೆಯಾದ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ನಿಯಮವೂ ಮುರಿಯಲಿಲ್ಲ, ಊರಿನ ಸಂಭ್ರಮವೂ ನಿಲ್ಲಲಿಲ್ಲ. ಅಂದು ಬೀದಿಯುದ್ದಕ್ಕೂ ನೆಟ್ಟ ಗುರ್ಜಿಗಳಲ್ಲಿ ಮೊಸರು ಕುಡಿಕೆಗಳನ್ನು ತೂಗಬಿಡುತ್ತಾರೆ; ಗೊಲ್ಲವೇಷದವರು ಅವನ್ನು ಕೋಲಿನಿಂದ ಒಡೆಯುತ್ತಾ ಬರುತ್ತಾರೆ; ಹುಲಿವೇಷದ ತಂಡಗಳು ತಾಸೆಯ ಪೆಟ್ಟಿಗೆ ಕುಣಿಯುತ್ತವೆ; ಉಂಡೆ ಚಕ್ಕುಲಿ ಹಂಚುತ್ತಾರೆ. ಮಠದೊಳಗಿನ ಮಡಿಯ ವ್ಯವಸ್ಥೆಗೂ ಊರಿನ ಕುಣಿತಕ್ಕೂ ಸಂಧಿಸಲು ಇರುವ ಸ್ಥಳ ಈ ಬೀದಿಯೊಂದೇ.

ಆ ಸಂಧಿ ಯಾವಾಗಲೂ ಸಲೀಸಾಗಿತ್ತೆಂದು ಹೇಳಿದರೆ ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತದೆ. ಕೃಷ್ಣಮಠದ ಪಶ್ಚಿಮ ಗೋಡೆಯಲ್ಲಿರುವ ಕನಕನ ಕಿಂಡಿ ಬೀದಿಗೆ ತೆರೆದುಕೊಂಡಿದೆ. ಒಳಗೆ ಬಿಡಲೊಲ್ಲದೆ ಹೊರಗೆ ನಿಲ್ಲಿಸಿದ ಕನಕದಾಸರಿಗೆ ಕೃಷ್ಣನು ತಿರುಗಿ ದರ್ಶನ ಕೊಟ್ಟನು ಎಂಬ ಕಥೆಯ ಬಗೆಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಅದರ ವಿವರಗಳು ಏನೇ ಇರಲಿ, ದೇವರನ್ನು ಕಾಣಲು ಬೀದಿಯಲ್ಲಿ ನಿಂತಿರಬೇಕಾದವರು ಇದ್ದರು ಎಂಬುದನ್ನು ಆ ಕಥೆ ಮರೆಯಗೊಡುವುದಿಲ್ಲ. ಪಂಕ್ತಿಭೇದದ (ಜಾತಿ ನೋಡಿ ಊಟಕ್ಕೆ ಬೇರೆ ಸಾಲು ಮಾಡುವುದರ) ಕುರಿತ ವಾದಗಳು ನಮ್ಮ ಕಾಲದವರೆಗೂ ಬಂದಿವೆ. ಇನ್ನೊಂದು ಕಡೆ, ಪೀಠವೇರಲು ಬರುವ ಸ್ವಾಮಿಗಳು ಮಠದೊಳಗೆ ಕಾಲಿಡುವ ಮೊದಲು ಬೀದಿಯಲ್ಲಿ ನಿಂತು ಇದೇ ಕಿಂಡಿಯಿಂದ ಕೃಷ್ಣನನ್ನು ನೋಡುವ ಪದ್ಧತಿಯಿದೆ. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಇಟ್ಟು ಮಾತಾಡುವುದು ಒಳ್ಳೆಯದೆಂದು ನನ್ನ ಸಲಹೆ.

ಪರ್ಯಾಯದ ಸಂಗತಿಯನ್ನು ಮೆರವಣಿಗೆಗೆ ಮಾತ್ರ ಸೀಮಿತಗೊಳಿಸಿ ಹೇಳುವುದು ಈಗಿನ ರೂಢಿ. ಜನವರಿ 18ರ ನಸುಕಿನಲ್ಲಿ ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮುಗಿಸಿ ಜೋಡುಕಟ್ಟೆಗೆ ಬಂದು, ಅಲ್ಲಿಂದ ರಥಬೀದಿಗೆ ಬರುವ ಮೆರವಣಿಗೆ, ನಿರ್ಗಮಿಸುವವರು ಅಕ್ಷಯಪಾತ್ರೆ ಸಟ್ಟುಗಗಳನ್ನು ಹೊಸಬರ ಕೈಗಿಡುವುದು, ಇವೆಲ್ಲ ನೋಡತಕ್ಕವೇ. ಆದರೆ ಇತಿಹಾಸದ ದೃಷ್ಟಿಯಿಂದ ಅದಕ್ಕೂ ಹಿಂದಿನ ಒಂದು ವರ್ಷದ ಸಿದ್ಧತೆ ಹೆಚ್ಚು ಹೇಳುತ್ತದೆ. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ನಾಲ್ಕು ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ಅಡುಗೆಮನೆಯ ಜಮಾಬಂದಿ ಕಣ್ಣೆದುರು ನಿಲ್ಲುತ್ತದೆ. ಬಾಳೆಯನ್ನು ಮೊದಲು ನೆಡುವುದು ಅದು ಎಲೆ ಕೊಡಲು ಕಾಲ ಹಿಡಿಯುತ್ತದೆಂದು. ಸೌದೆಯನ್ನು ಮೊದಲೇ ಒಟ್ಟುವುದು ಹಸಿ ಕಟ್ಟಿಗೆ ಉರಿಯುವುದಿಲ್ಲವೆಂದು. ಆ ಸೌದೆಯನ್ನೂ ಸುಮ್ಮನೆ ರಾಶಿ ಹಾಕುವುದಿಲ್ಲ. ಮಧ್ವಸರೋವರದ ಬಳಿ ತೇರಿನ ಆಕಾರದಲ್ಲಿ ಪೇರಿಸುತ್ತಾರೆ. ಕಟ್ಟಿಗೆ ರಥವೆಂದೇ ಅದರ ಹೆಸರು. ಆಮೇಲೆ ಊರೂರುಗಳಿಂದ ಹೊರೆಕಾಣಿಕೆ ಬರುತ್ತದೆ: ಅಕ್ಕಿ, ತೆಂಗಿನಕಾಯಿ, ಬೆಲ್ಲ, ತರಕಾರಿ. ಕಟಪಾಡಿಯ ಕಡೆಯ ಮಟ್ಟು ಗ್ರಾಮದವರು ತರುವ ಗುಳ್ಳಕ್ಕೆ (ಬದನೆಗೆ) ಪ್ರತ್ಯೇಕ ಗೌರವ, ಅದರ ಬೀಜವನ್ನು ವಾದಿರಾಜರು ಕೊಟ್ಟರೆಂದು ನಂಬಿಕೆಯಿರುವುದರಿಂದ.

ಈ ಧಾನ್ಯ ಒಂದು ಕಾಲದಲ್ಲಿ ಕಾಣಿಕೆಯಾಗಿ ಮಾತ್ರ ಬರುತ್ತಿರಲಿಲ್ಲ. ಮಠಗಳಿಗೆ ಜಿಲ್ಲೆಯ ಉದ್ದಗಲಕ್ಕೂ ಗದ್ದೆಗಳಿದ್ದವು. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿಯ (ಒಡೆಯನು ಬಿಡಿಸಬಹುದಾದ ಗೇಣಿಯ) ಒಕ್ಕಲುಗಳಿಂದ ಭತ್ತದ ಮುಡಿಗಳು (ಹುಲ್ಲಿನಲ್ಲಿ ಕಟ್ಟಿದ ಮೂಟೆಗಳು) ಬರುತ್ತಿದ್ದವು. ಮಠಗಳ ಉಗ್ರಾಣಗಳು ಅಷ್ಟು ದೊಡ್ಡದಾಗಿರುವುದು ಅದಕ್ಕಾಗಿಯೇ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿಯ ಭೂಮಿ ಉಳುವವರದಾಯಿತು. ಒಕ್ಕಲುಗಳ ಪಾಲಿಗೆ ಅದು ಬಿಡುಗಡೆ. ಬೀದಿಯ ಪಾಲಿಗೆ ಅದೊಂದು ದೊಡ್ಡ ತಿರುವು. ಗೇಣಿಯ ಭತ್ತದ ಮೇಲೆ ನಿಂತಿದ್ದ ಮಠ ಇನ್ನು ಮುಂದೆ ಭಕ್ತರ ಹಣ, ಬಾಡಿಗೆ, ಸಂಸ್ಥೆಗಳ ಆದಾಯಗಳತ್ತ ನೋಡಬೇಕಾಯಿತು. ಬೀದಿಯಲ್ಲಿ ಅಂಗಡಿ, ವಸತಿಗೃಹಗಳು ಹೆಚ್ಚಾದುದನ್ನೂ ಯಾತ್ರಿಕರ ಅನುಕೂಲಕ್ಕಾಗಿ ದೊಡ್ಡ ಸಭಾಂಗಣಗಳು ಬಂದುದನ್ನೂ ಈ ಹಿನ್ನೆಲೆಯಲ್ಲಿಟ್ಟು ನೋಡದೆ ಬರಿಯ ವ್ಯಾಪಾರಬುದ್ಧಿಯೆಂದು ದೂರುವುದು ನ್ಯಾಯವಲ್ಲ. ವ್ಯಾಪಾರ ಇಲ್ಲಿಗೆ ಹೊಸದೂ ಅಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನು 1906ರಲ್ಲಿ ಸ್ಥಾಪಿಸಿದ್ದು, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿದ್ದು ಇದೇ ಊರಿನಲ್ಲಿ. ಯಾತ್ರೆಯೂ ಪೇಟೆಯೂ ಬೆನ್ನಿಗೆ ಬೆನ್ನು ಕೊಟ್ಟು ಬೆಳೆದ ಊರು ಇದು.

ಇವತ್ತಿನ ಅಂಗಡಿಗಳಲ್ಲಿ ಕೂಡ ನೋಡಲು ಬೇಕಾದಷ್ಟಿದೆ. ಗೋಪೀಚಂದನದ ಉಂಡೆ, ತುಳಸಿಮಣಿ, ಪಂಚಾಂಗ, ಹಿತ್ತಾಳೆ ಹರಿವಾಣಗಳ ನಡುವೆ ಮಲ್ಲಿಗೆ ಮಾರುವವರನ್ನು ಮಾತಾಡಿಸಿ. ಶಂಕರಪುರ ಮಲ್ಲಿಗೆಯನ್ನು ಅವರು ಮೊಳದ ಲೆಕ್ಕದಲ್ಲಿ ಕೊಡುವುದಿಲ್ಲ; ಚೆಂಡು, ಅಟ್ಟೆಗಳ ಲೆಕ್ಕ ಹೇಳುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿಡುತ್ತಾರೆ. ದರ ದಿನದಿನಕ್ಕೆ ಬದಲಾಗುತ್ತದೆ. ಮದುವೆಯ ಕಾಲದಲ್ಲಿ ಮಕ್ಕಳಿಗೆ ಅರ್ಥಶಾಸ್ತ್ರದ ಪಾಠವೊಂದು ಅಲ್ಲಿಯೇ ಮುಗಿಯಬಹುದು.

ಇನ್ನು ತಮ್ಮ ಪ್ರವಾಸಕ್ಕೆ ಬೇಕಾದ ವಿಷಯ. ಎಂಟುನೂರು ವರ್ಷ ಎಂಬ ಮಾತನ್ನು ಮಕ್ಕಳಿಗೆ ಹೀಗೆ ಬಿಡಿಸಿ ಹೇಳಬಹುದು: ದಾರಿಯ ಸುತ್ತು ಕೃಷ್ಣಪ್ರತಿಷ್ಠೆಗಿಂತಲೂ ಹಿಂದಿನದಾಗಿರುವ ಸಂಭವ ಹೆಚ್ಚು, ಕೃಷ್ಣಮಠ 13ನೆಯ ಶತಮಾನದ್ದು, ಎರಡು ವರ್ಷದ ಸರದಿ 1522ರದು, ಹಂಚಿನ ಮಾಡುಗಳು 1865ರಿಂದ ಈಚಿನವು, ಅಂಗಡಿ ಸಾಲಿನ ಬಹುಪಾಲು ನಮ್ಮ ನಿಮ್ಮ ಕಾಲದ್ದು. ಸುತ್ತುವಾಗ ಚಂದ್ರಮೌಳೀಶ್ವರದಿಂದ ಆರಂಭಿಸಿ. ಅಲ್ಲಿಗೆ ಬೀದಿಯಿಂದ ಮೆಟ್ಟಿಲಿಳಿದು ಹೋಗಬೇಕು. ಗುಡಿ ತಗ್ಗಿನಲ್ಲಿರುವುದನ್ನು ಮಕ್ಕಳೇ ಗಮನಿಸಿ ಕಾರಣ ಕೇಳಲಿ. ಬಳಿಕ ಅನಂತೇಶ್ವರ, ಆಮೇಲೆ ಎಡದಿಂದ ಬಲಕ್ಕೆ ಪ್ರದಕ್ಷಿಣೆಯಾಗಿ ಮಠಗಳ ಸಾಲು, ಕೊನೆಗೆ ಕನಕನ ಕಿಂಡಿ. ಪ್ರತಿ ಮಠದ ಹೆಸರು ಓದಿದಾಗ ಆ ಊರನ್ನು ನಕ್ಷೆಯಲ್ಲಿ ಗುರುತಿಸಲು ಹೇಳಿದರೆ ಈ ಬೀದಿಗೆ ಎಷ್ಟು ದೂರದ ಹಳ್ಳಿಗಳ ನಂಟಿದೆ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.

ದಿನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಪರ್ಯಾಯದ ದಿನ ಬೇಡ. ಆ ಜನಜಂಗುಳಿಯಲ್ಲಿ ಮಕ್ಕಳನ್ನು ಎಣಿಸುವುದೇ ಕೆಲಸವಾಗುತ್ತದೆ. ಮೂರು ತೇರಿನ ಉತ್ಸವ ರಾತ್ರಿಯದಾದ್ದರಿಂದ ಶಾಲೆಗೆ ಅನುಕೂಲವಲ್ಲ. ಅದರ ಮರುದಿನ, ಅಂದರೆ ಜನವರಿ 15ರಂದು, ಹಗಲಿನಲ್ಲಿ ಬ್ರಹ್ಮರಥವನ್ನು ಎಳೆಯುವ ಚೂರ್ಣೋತ್ಸವವಿದೆ. ಅಂದು ಬೆಳಗ್ಗೆಯೇ ಬಂದು, ಕೃಷ್ಣಮಠದ ಎದುರಿನ ನೂಕುನುಗ್ಗಲಿನಿಂದ ದೂರವಾಗಿ ಅನಂತೇಶ್ವರದ ಹಿಂಬದಿಯ ತಿರುವಿನಲ್ಲಿ, ಯಾವುದಾದರೊಂದು ಮಠದವರ ಅನುಮತಿ ಕೇಳಿ ಜಗಲಿಯ ಮೇಲೆ ಮಕ್ಕಳನ್ನು ಕುಳ್ಳಿರಿಸಿ. ತೇರಿನ ಮುಂಭಾಗಕ್ಕಿಂತ ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವವರ ಕೈಗಳನ್ನು ನೋಡಲು ಹೇಳಿ. ಊಟಕ್ಕೆ ಕೃಷ್ಣಮಠದ ಭೋಜನಶಾಲೆ ಇದ್ದೇ ಇದೆ. ಉತ್ಸವದ ದಿನವಾದ್ದರಿಂದ ಸರತಿ ಸಾಲು ಉದ್ದವಿರುತ್ತದೆ, ಅದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ.